ಶಾಸ್ತ್ರ ಗೊತ್ತಿಲ್ಲ, ಆದರೂ ಮಾರವಾ ರಾಗ ಕೇಳಿ ಅಳು ಬಂತು. ಇದು ಸಂಗೀತವಾ, ನನ್ನ ದುಃಖವಾ?

ವಿದ್ಯಾನಗರದ ಮಗಳು

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯವಳು. ಸಂಗೀತ ಕಲಿತವಳಲ್ಲ. ಅವ್ವ ಬೆಳಿಗ್ಗೆ ಎದ್ದ ಕೂಡಲೇ ರೇಡಿಯೋ ಹಚ್ಚುತ್ತಿದ್ದಳು. ಅದರಲ್ಲಿ ಬಂದದ್ದು ಕಿವಿಗೆ ಬಿದ್ದಿದೆ, ಅಷ್ಟೇ.

ಅವ್ವ ತೀರಿಕೊಂಡು ಎಂಟು ತಿಂಗಳಾಯಿತು. ಆಗ ನನಗೆ ಅಳು ಬರಲೇ ಇಲ್ಲ. ಆಸ್ಪತ್ರೆಯ ಬಿಲ್ಲು, ಬಂದವರ ಊಟ, ತಮ್ಮನನ್ನು ಸಮಾಧಾನ ಮಾಡೋದು, ಎಲ್ಲ ನನ್ನ ಮೇಲೇ ಇತ್ತು. ಜನ "ಗಟ್ಟಿ ಹೆಣ್ಣುಮಗಳು" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ.

ಹೋದ ವಾರ ಪಕ್ಕದ ಮನೆಯ ಕಾಕು ಒತ್ತಾಯ ಮಾಡಿ ಧಾರವಾಡಕ್ಕೆ ಒಂದು ಬೈಠಕ್ಕಿಗೆ ಕರೆದುಕೊಂಡು ಹೋದರು. ಜಮಖಾನೆ ಹಾಸಿದ್ದರು. ಸಂಜೆ ಆರೂವರೆ ಇರಬೇಕು. ಮಾರವಾ ರಾಗ ಅಂತ ಹೇಳಿ ಶುರು ಮಾಡಿದರು. ಮೊದಲ ಹತ್ತು ನಿಮಿಷ ನನಗೆ ಏನೂ ಅನಿಸಲಿಲ್ಲ. ಆಮೇಲೆ ಒಂಥರಾ ಚಡಪಡಿಕೆ. ದೀಪ ಹಚ್ಚುವ ಹೊತ್ತಾದರೂ ಮನೆಗೆ ಬರಬೇಕಾದವರು ಬರಲಿಲ್ಲ ಅಂದರೆ ಆಗುತ್ತದಲ್ಲ, ಹಾಗೆ. ದನಿ ಸುತ್ತುತ್ತಲೇ ಇದೆ, ಎಲ್ಲೂ ಕೂರುತ್ತಿಲ್ಲ. ಕೊನೆಗೊಮ್ಮೆ ಬಂದು ಷಡ್ಜದ ಮೇಲೆ ನಿಂತರು. ಅದು ಷಡ್ಜ, ಅಂದರೆ ಸರಿಗಮದ ಸ, ಅಂತ ಆಮೇಲೆ ಕಾಕು ಹೇಳಿದ್ದು. ನಾನು ಬಿಕ್ಕಿ ಬಿಕ್ಕಿ ಅಳೋಕೆ ಶುರು ಮಾಡಿದೆ, ಎಲ್ಲರ ನಡುವೆ.

ಪಕ್ಕದಲ್ಲಿ ವಯಸ್ಸಾದವರೊಬ್ಬರು ಕೂತಿದ್ದರು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಲೇ ಇತ್ತು. ಎಡಗೈಯಿಂದ ಚೀಲದಲ್ಲಿದ್ದ ಟವೆಲ್ ತೆಗೆದು ನನ್ನ ಮೊಣಕಾಲ ಮೇಲೆ ಇಟ್ಟರು. ನಾಲ್ಕು ಮಡಿಕೆ ಮಾಡಿದ ಬಿಳಿ ಟವೆಲ್, ನುಸಿಗುಳಿಗೆಯ ವಾಸನೆ. ಕಛೇರಿ ಮುಗಿದ ಮೇಲೆ ಕೊಡಲು ಹೋದರೆ, "ಒಗೆದು ಇಟ್ಕೋ ತಂಗಿ, ಮುಂದಿನ ಸಲ ಬರುವಾಗ ತಗೊಂಡು ಬಾ" ಅಂದು ಹೊರಟುಬಿಟ್ಟರು.

ಮರುದಿನ ಆಫೀಸಿನಲ್ಲಿ ಹೇಳಿಕೊಂಡೆ. ಸಂಗೀತ ಕಲಿತ ಸಹೋದ್ಯೋಗಿ ಒಬ್ಬರು, "ರಾಗ, ತಾಳ ಗೊತ್ತಿಲ್ಲದೆ ಅತ್ತರೆ ಅದು ಸಂಗೀತದ ಅನುಭವ ಅಲ್ಲ. ದುಃಖ ನಿಮ್ಮದು, ಸಂಗೀತ ಬರೀ ನೆಪ" ಅಂದರು. ಅದು ಮುಳ್ಳಿನ ಹಾಗೆ ಕೂತಿದೆ. ನಿಮಗೇನನಿಸುತ್ತದೆ?

ಲೈನ್ ಬಜಾರ್

ಆ ಮಾತು ತಲೆಗೆ ಹಚ್ಚಿಕೊಳ್ಳಬೇಡಿ ಅಕ್ಕಾ. ಅಳು ಬಂದದ್ದು ಖರೇ ಅಂದರೆ ಅನುಭವವೂ ಖರೇ.

ತಂಬೂರಿ ತಂತಿ

ಅಕ್ಕಾ, ನೀವು ಬರೆದಿರೋದನ್ನು ಎರಡು ಸಲ ಓದಿದೆ. ಶಾಸ್ತ್ರ ಗೊತ್ತಿಲ್ಲ ಅಂತೀರಿ, ಆದರೆ ಮಾರವಾದ ಲಕ್ಷಣವನ್ನೇ ಬರೆದುಬಿಟ್ಟಿದ್ದೀರಿ.

ಮಾರವಾದಲ್ಲಿ ಪಂಚಮ ಇಲ್ಲ. ರಿಷಭ ಕೋಮಲ, ಅಂದರೆ ತುಸು ಇಳಿದದ್ದು. ಮಧ್ಯಮ ತೀವ್ರ, ಅಂದರೆ ತುಸು ಏರಿದ್ದು. ಕೋಮಲ ರಿಷಭ, ಧೈವತ ಇವೆರಡರ ಸುತ್ತಲೇ ರಾಗ ಓಡಾಡುತ್ತದೆ. ಷಡ್ಜಕ್ಕೆ ಬರಬೇಕು ಅನ್ನಿಸುವಲ್ಲೆಲ್ಲ ಅದನ್ನು ಬಿಟ್ಟು ದಾಟುತ್ತಾರೆ. ಷಡ್ಜ ಅಂದರೆ ಮನೆ ಅಲ್ವಾ. ತಂಬೂರಿಯಲ್ಲಿ ಅದು ಎಡೆಬಿಡದೆ ಕೇಳುತ್ತಾ ಇರುತ್ತದೆ, ಹಾಡುವ ದನಿ ಮಾತ್ರ ಅಲ್ಲಿಗೆ ಹೋಗೋದಿಲ್ಲ. ಪಂಚಮವಾದರೂ ಇದ್ದಿದ್ದರೆ ಅಲ್ಲಿ ಕೂತು ಸುಧಾರಿಸಿಕೊಳ್ಳಬಹುದಿತ್ತು, ಅದೂ ಇಲ್ಲ. ಅದಕ್ಕೇ ಚಡಪಡಿಕೆ. ಮನೆ ಕಾಣುತ್ತಿದೆ, ಒಳಗೆ ಹೋಗೋಕೆ ಆಗುತ್ತಿಲ್ಲ ಅನ್ನೋ ಹಾಗೆ.

ನಿಮ್ಮ ಕಿವಿ ಇದನ್ನು ಹಿಡಿದಿದೆ. ಹೆಸರು ಗೊತ್ತಿರಲಿಲ್ಲ, ಅಷ್ಟೇ.

ರೋಣದ ಗಾಳಿ

ಆ ಸಹೋದ್ಯೋಗಿಗೆ ಭೀಮಸೇನ ಜೋಶಿಯವರ ಕಥೆ ಹೇಳಿ. 1933ರಲ್ಲಿ, ಹನ್ನೊಂದರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿಹೋದರು. ಯಾಕೆ? ಅಬ್ದುಲ್ ಕರೀಂ ಖಾನರ ಒಂದು ಝಿಂಝೋಟಿ ರಾಗದ ಠುಮರಿಯ ಗ್ರಾಮಫೋನ್ ತಟ್ಟೆ ಕೇಳಿ. ಆ ಹುಡುಗ ರಾಗದ ನಿಯಮ ಹೇಳುವ ಲಕ್ಷಣ ಗೀತೆ ಬಾಯಿಪಾಠ ಮಾಡಿ ಓಡಿದನಾ? ಕೇಳಿ ಓಡಿದ. ಶಾಸ್ತ್ರ ಆಮೇಲೆ ಬಂತು.

ಕುಂದಗೋಳ ಸ್ಟೇಷನ್

@ರೋಣದ ಗಾಳಿ, ಹೌದು ಅಣ್ಣ. ಆದರೆ ಆ "ಆಮೇಲೆ" ಎಷ್ಟು ದೊಡ್ಡದು ನೋಡಿ. ಗ್ವಾಲಿಯರ್ ಕಡೆ ಹೋದರು, ಊರೂರು ಅಲೆದರು, ಜಲಂಧರದವರೆಗೂ ಹೋದರು. ತಂದೆ ಅಲ್ಲಿಂದ ಹುಡುಕಿ ಕರೆದುಕೊಂಡು ಬಂದರು. ಆಮೇಲೆ ನಮ್ಮ ಕುಂದಗೋಳಕ್ಕೆ ಬಂದು ಸವಾಯಿ ಗಂಧರ್ವರ ಮನೆಯಲ್ಲಿ ನೀರು ಹೊತ್ತು ಕಲಿತರು. ಒಂದು ತಟ್ಟೆ ಕೇಳಿದ್ದಕ್ಕೆ ಇಡೀ ಬಾಳು ಕೊಟ್ಟರು.

ಕಿವಿ ಬೇಕು

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ. ನಾನು ಸ್ವಲ್ಪ ಬೇರೆ ಹೇಳುತ್ತೇನೆ, ಸಿಟ್ಟಾಗಬೇಡಿ.

ಆ ಸಹೋದ್ಯೋಗಿ ಹೇಳಿದ ರೀತಿ ಸರಿ ಇಲ್ಲ. ಆದರೆ ಮಾತಿನಲ್ಲಿ ಅರ್ಧ ನಿಜ ಇದೆ. ಮಾರವಾ, ಪೂರಿಯಾ, ಸೋಹನಿ, ಮೂರಕ್ಕೂ ಅವೇ ಆರು ಸ್ವರ. ಪೂರಿಯಾದಲ್ಲಿ ಗಂಧಾರ, ನಿಷಾದದ ಮೇಲೆ ಭಾರ ಬೀಳುತ್ತದೆ, ಕೆಳಗಿನ ಸಪ್ತಕದಲ್ಲಿ ಗಂಭೀರವಾಗಿ ನಡೆಯುತ್ತದೆ. ಸೋಹನಿ ಮೇಲಿನ ಷಡ್ಜದ ಹತ್ತಿರ ಮಿಂಚುತ್ತದೆ, ಅದು ರಾತ್ರಿ ಕೊನೆಯ ಜಾವದ್ದು. ಒಂದೇ ಸ್ವರಗಳಿಂದ ಮೂರು ಬೇರೆ ಬೇರೆ ಮನಸ್ಸು. ಇದು ತಿಳಿದ ಮೇಲೆ ನಾನು ಮಾರವಾ ಕೇಳುವ ರೀತಿಯೇ ಬದಲಾಯಿತು. ಮೊದಲು ಬರೀ ಸಂಕಟ ಆಗುತ್ತಿತ್ತು. ಈಗ ಗಾಯಕರು ಪೂರಿಯಾದ ಅಂಚಿಗೆ ಹೋಗಿ ಅಲ್ಲಿಗೆ ಜಾರದೆ ವಾಪಸ್ ಬಂದಾಗ ಮೈ ಜುಮ್ ಅನ್ನುತ್ತದೆ. ತಿಳಿವಳಿಕೆಯಿಂದ ಅನುಭವ ಆಳ ಆಗುತ್ತದೆ. ಅದನ್ನು ಬೇಡ ಅನ್ನಬಾರದು.

ಸಾಧನಕೇರಿ ಸಂಜೆ

@ಕಿವಿ ಬೇಕು ಸರ್, ಆಳ ಆಗಬಹುದು, ಒಣಗಲೂಬಹುದು. ನಮ್ಮ ಮನೆಯವರು ಹನ್ನೆರಡು ವರ್ಷ ಕಲಿತವರು. ಈಗ ಕಛೇರಿಗೆ ಹೋದರೆ ಪೂರ್ತಿ ಹೊತ್ತು ಸ್ವರ ಎಲ್ಲಿ ತಪ್ಪಿತು, ತಬಲಾ ಎಲ್ಲಿ ಏರಿತು ಅಂತ ಲೆಕ್ಕ. ಒಂದು ಸಲ ನಾನು ಕಣ್ಣು ಒರೆಸಿಕೊಳ್ಳುತ್ತಾ ಕೂತಿದ್ದೆ. ಇವರು ಕಿವಿಯಲ್ಲಿ "ಆ ನಿಷಾದ ಸ್ವಲ್ಪ ಇಳಿದಿತ್ತು" ಅಂದರು. ನನಗೆ ತುಂಬ ಬೇಜಾರಾಯಿತು, ಅವರ ಬಗ್ಗೆಯೇ. ಅವರಿಗೆ ಆ ಸಂಜೆ ಏನೂ ಸಿಗಲಿಲ್ಲವಲ್ಲ ಅಂತ.

ಕಿವಿ ಬೇಕು

@ಸಾಧನಕೇರಿ ಸಂಜೆ, ಅದು ಕಲಿಕೆಯ ತಪ್ಪಲ್ಲ ಮೇಡಂ, ಅರ್ಧಕ್ಕೆ ನಿಂತ ಕಲಿಕೆಯ ತಪ್ಪು. ದೊಡ್ಡವರು ಇನ್ನೊಬ್ಬರ ಒಂದು ಒಳ್ಳೆಯ ಸ್ವರಕ್ಕೆ ಮನಸ್ಸು ಬಿಚ್ಚಿ "ವಾಹ್" ಅಂದದ್ದನ್ನು ನಾನೇ ನೋಡಿದ್ದೇನೆ.

ಸಾಧನಕೇರಿ ಸಂಜೆ

ಇದನ್ನು ಇವರಿಗೆ ಓದಿ ಹೇಳುತ್ತೇನೆ.

ಬೆಟಗೇರಿ ನೇಕಾರ

ನಾನು ಮಗ್ಗದ ಕೆಲಸದವ. ರಾಗ ಗುರುತು ಹಿಡಿಯೋಕೆ ಬರೋದಿಲ್ಲ. ಆದರೆ ಕೇಳೋದು ಅಂದರೆ ಏನು ಅಂತ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ನೋಡಿದ್ದೇನೆ.

ಕೆಲವು ವರ್ಷದ ಹಿಂದೆ ಮನೆಯಲ್ಲಿ ಬಹಳ ಕಷ್ಟ ಇತ್ತು. ಬೆಳಿಗ್ಗೆ ನಿದ್ದೆ ಬರುತ್ತಿರಲಿಲ್ಲ, ಎದ್ದು ಅಲ್ಲಿಗೆ ಹೋಗಿ ಸುಮ್ನೆ ಕೂರುತ್ತಿದ್ದೆ. ಮಕ್ಕಳು ಅಭ್ಯಾಸ ಮಾಡುತ್ತಿರುತ್ತಾರೆ. ಒಂದು ಕಡೆ ಹಾರ್ಮೋನಿಯಂ, ಇನ್ನೊಂದು ಕಡೆ ತಬಲಾ, ಆ ಮೂಲೆಯಲ್ಲಿ ಯಾರೋ ಒಂದೇ ಪಲಟಾ ನೂರು ಸಲ ಹೇಳುತ್ತಿರುತ್ತಾರೆ. ಕಣ್ಣು ಕಾಣದ ಮಕ್ಕಳು ಬಹಳ ಇದ್ದಾರೆ. ಅಷ್ಟು ಗದ್ದಲದಲ್ಲಿ ತನ್ನ ಸ್ವರ ಬಿಡದೆ ಹಿಡಿದು ಕೂರೋದು ನೋಡಬೇಕು ನೀವು.

ಒಂದು ದಿನ ನಾನು ಹೋಗಿ ಕಂಬಕ್ಕೆ ಒರಗಿ ಕೂತೆ. ಅಲ್ಲೇ ಇದ್ದ ಹುಡುಗ, ಹತ್ತು ಹನ್ನೆರಡರವನು, ಹಾಡೋದು ನಿಲ್ಲಿಸಿ ಕೇಳಿದ: "ಅಣ್ಣಾರ, ದಿನಾ ಬಿರಬಿರ ಬರ್ತಿದ್ರಿ. ಇವತ್ತ ಕಾಲು ಎಳಕೋತ ಬಂದ್ರಿ. ಆರಾಮ ಇಲ್ಲೇನ್ರೀ?" ನಾನು ಅವನ ಜೊತೆ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ನನ್ನ ಹೆಜ್ಜೆಯಲ್ಲೇ ನನ್ನ ಸಂಕಟ ಕೇಳಿದ್ದ. ಮನೆಯವರಿಗೂ ಅದು ಗೊತ್ತಾಗಿರಲಿಲ್ಲ.

ವಿದ್ಯಾನಗರದ ಮಗಳು

ಬೆಟಗೇರಿ ಅಣ್ಣಾರ, ಇದನ್ನು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಹಾನಗಲ್ಲ ಹುಡುಗ

ಪುಣ್ಯಾಶ್ರಮದ ಮಾತು ಬಂತಲ್ಲ, ಒಂದು ಸೇರಿಸುತ್ತೇನೆ. ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹುಟ್ಟಿದ್ದು ನಮ್ಮ ಹಾನಗಲ್ಲ ತಾಲೂಕಿನಲ್ಲಿ. ಒಬ್ಬರು ಕಾಡಶೆಟ್ಟಿಹಳ್ಳಿ, ಒಬ್ಬರು ದೇವರ ಹೊಸಪೇಟೆ. ಗದಗಿನವರು ಗದಗಿನವರೇ ಅಂತಾರೆ, ಅದೂ ಸರಿಯೇ. 1944ರಲ್ಲಿ ಪಂಚಾಕ್ಷರ ಗವಾಯಿಗಳು ಹೋದ ಮೇಲೆ ಪುಟ್ಟರಾಜರು 2010ರವರೆಗೆ ಆಶ್ರಮ ನಡೆಸಿದರು. ಮಕ್ಕಳ ಊಟಕ್ಕೆ ದುಡ್ಡು ಬೇಕು ಅಂತ ನಾಟಕ ಕಂಪನಿ ಸಹ ನಡೆಸಿದರು. ಇಬ್ಬರಿಗೂ ಕಣ್ಣಿರಲಿಲ್ಲ. ಕೇಳಿಸಿಕೊಂಡೇ ಎಷ್ಟು ಜನರಿಗೆ ದಾರಿ ತೋರಿಸಿದರು ನೋಡಿ.

ಉಣಕಲ್ ಕಟ್ಟೆ

ಬಸವರಾಜ ರಾಜಗುರು ಪಂಚಾಕ್ಷರ ಗವಾಯಿಗಳ ಶಿಷ್ಯರೇ ಅಲ್ವಾ? ನಮ್ಮ ಅಪ್ಪ ಅವರ ಕಛೇರಿ ಕೇಳಿದ್ದರು. ಮನೆಗೆ ಬಂದ ಮೇಲೂ ಆ ರಾತ್ರಿ ಮಾತಾಡಲಿಲ್ಲವಂತೆ.

ಹಾನಗಲ್ಲ ಹುಡುಗ

ಹೌದು. ಯಲಿವಾಳದವರು.

ರಾಗ ಚಿಕಿತ್ಸೆ

ಇದೆಲ್ಲ ವಿಜ್ಞಾನ. ಒಂದೊಂದು ರಾಗ ಒಂದೊಂದು ಕಾಯಿಲೆಗೆ. ದರ್ಬಾರಿ ತಲೆನೋವಿಗೆ, ಇನ್ನೊಂದು ಬಿಪಿಗೆ, ಇನ್ನೊಂದು ಶುಗರ್‌ಗೆ. ಗುಳಿಗೆಯೇ ಬೇಡ. ಪಟ್ಟಿ ಬೇಕಾದವರು ಕೇಳಿ, ಕಳಿಸುತ್ತೇನೆ.

ರಾತ್ರಿ ಪಾಳಿ

@ರಾಗ ಚಿಕಿತ್ಸೆ, ದಯವಿಟ್ಟು ಹೀಗೆ ಬರೆಯಬೇಡಿ. ನಾನು ನರ್ಸ್. ಇಂಥ ಪಟ್ಟಿ ನಂಬಿ ಶುಗರ್ ಗುಳಿಗೆ ಬಿಟ್ಟು ಕಾಲಿನ ಗಾಯ ಕೊಳೆತು ಬಂದವರಿಗೆ ನಾನೇ ಡ್ರೆಸ್ಸಿಂಗ್ ಮಾಡಿದ್ದೇನೆ. ಸಂಗೀತದ ಮೇಲೆ ನನಗೂ ಜೀವ. ಅದಕ್ಕೇ ಹೇಳುತ್ತಿದ್ದೇನೆ.

ಸಂಗೀತ ಮಾಡುವ ಕೆಲಸ ಬೇರೆ ಇದೆ. ಆಪರೇಷನ್‌ಗೆ ಮುಂಚೆ ಸಂಗೀತ ಕೇಳಿಸಿದರೆ ಆತಂಕ ಕಡಿಮೆಯಾಗುತ್ತದೆ ಅಂತ ಹಲವು ಪರೀಕ್ಷೆಗಳಲ್ಲಿ ಕಂಡಿದೆ. ನಾನೂ ನೋಡಿದ್ದೇನೆ. ಒಬ್ಬ ಅಜ್ಜಿ ಮುಖಕ್ಕೆ ಹಚ್ಚಿದ ಆಕ್ಸಿಜನ್ ಮಾಸ್ಕ್ ಕಿತ್ತು ಕಿತ್ತು ಎಸೆಯುತ್ತಿದ್ದರು. ಮೊಮ್ಮಗಳು ಬಂದು ಫೋನಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ ವಚನ ಹಚ್ಚಿ ದಿಂಬಿನ ಪಕ್ಕ ಇಟ್ಟಳು. ಐದು ನಿಮಿಷದಲ್ಲಿ ಕೈ ಕೆಳಗೆ ಬಂತು. ಬೆರಳು ಮಾತ್ರ ಹಾಸಿಗೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಅಜ್ಜಿ ಉಳಿಯಲಿಲ್ಲ, ಎರಡು ದಿನ ಆದ ಮೇಲೆ ಹೋದರು. ಆದರೆ ಆ ಎರಡು ದಿನ ಕೈ ಕಟ್ಟುವ ಪ್ರಸಂಗ ಬರಲಿಲ್ಲ. ನನಗೆ ಅದು ಸಣ್ಣ ವಿಷಯ ಅಲ್ಲ.

ವಿದ್ಯಾನಗರದ ತಂಗಿ, ನಿಮಗೂ ಒಂದು ಮಾತು. ಅತ್ತದ್ದು ಒಳ್ಳೆಯದಾಯಿತು. ಆದರೆ ನಿದ್ದೆ, ಊಟ ಸರಿ ಆಗದೆ ಹೀಗೇ ಮುಂದುವರಿದರೆ ಧಾರವಾಡದ ಮಾನಸಿಕ ಆರೋಗ್ಯ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಒಮ್ಮೆ ಮಾತಾಡಿ ಬನ್ನಿ. ಸಂಕೋಚ ಪಡಬೇಡಿ.

ವಿದ್ಯಾನಗರದ ಮಗಳು

ಆಗಲಿ ಅಕ್ಕಾ. ಆ ರಾತ್ರಿ ಎಂಟು ತಿಂಗಳ ಮೇಲೆ ಮೊದಲ ಸಲ ಬೆಳಗಿನವರೆಗೆ ಮಲಗಿದೆ. ಇದನ್ನು ಬರೆಯೋದು ಮರೆತಿದ್ದೆ.

ಗಿರ್ಮಿಟ್ ಪ್ಲೇಟ್

ವಿಷಯ ಬಿಟ್ಟು ಒಂದು ಪ್ರಶ್ನೆ. ಕಛೇರಿಗಳಲ್ಲಿ ಜಮಖಾನೆ ಹೋಗಿ ಕುರ್ಚಿ ಬಂದದ್ದು ಯಾರಿಗೆ ಇಷ್ಟ? ನನಗಂತೂ ಕುರ್ಚಿಯಲ್ಲಿ ಕೂತರೆ ಸಭೆಗೆ ಬಂದ ಹಾಗಾಗುತ್ತದೆ. ಇಂಟರ್‌ವಲ್‌ನಲ್ಲಿ ಮಿರ್ಚಿ, ಗಿರ್ಮಿಟ್, ಚಹಾ ಇರಲೇಬೇಕು.

ಲೈನ್ ಬಜಾರ್

ಮಂಡಿನೋವು ಇರುವವರಿಗೆ ಹಿಂದೆ ನಾಲ್ಕು ಸಾಲು ಕುರ್ಚಿ, ಮುಂದೆ ಜಮಖಾನೆ. ಈ ಜಗಳ ಅಲ್ಲಿಗೆ ಮುಗಿಯಿತು. ನನಗೆ ಸಿಟ್ಟು ಬರೋದು ಆಲಾಪದ ನಡುವೆ ಫೋನ್ ರಿಂಗ್ ಆದಾಗ, ಅದನ್ನು ಎತ್ತಿ "ಕಛೇರಿಯಲ್ಲಿದ್ದೇನೆ" ಅಂತ ಜೋರಾಗಿ ಹೇಳಿದಾಗ.

ಮೈಸೂರಿಂದ ಬಂದವ

ನಾನು ಕರ್ನಾಟಕ ಸಂಗೀತ ಕೇಳಿ ಬೆಳೆದವನು, ಕೆಲಸಕ್ಕೆ ಹುಬ್ಬಳ್ಳಿಗೆ ಬಂದೆ. ಇಲ್ಲಿನ ಕಛೇರಿಗೆ ಮೊದಲು ಹೋದಾಗ ತಾಳ್ಮೆ ಕೆಟ್ಟಿತು. ವಿಲಂಬಿತ, ಅಂದರೆ ನಿಧಾನಗತಿಯ, ಏಕತಾಲದ ಹನ್ನೆರಡು ಎಣಿಕೆ ಸುತ್ತಿ ಬರೋಕೆ ಹತ್ತಿರ ಹತ್ತಿರ ಒಂದು ನಿಮಿಷ! ಕೈಯಲ್ಲಿ ತಾಳ ಹಾಕಿ ರೂಢಿಯಾದವನಿಗೆ ಕೈ ಎಲ್ಲಿಡಬೇಕು ಅಂತ ಗೊತ್ತಾಗಲಿಲ್ಲ. ನಾಲ್ಕೈದು ಸಲ ಹೋದ ಮೇಲೆ ಉಸಿರು ತಾನಾಗಿ ನಿಧಾನ ಆಯಿತು. ಈಗ ಅದಿಲ್ಲದೆ ವಾರ ಕಳೆಯೋಕೆ ಕಷ್ಟ. ಆದರೆ ಇದು ಇದೇ ಊರುಗಳಲ್ಲಿ ಹೇಗೆ ಬೇರೂರಿತು?

ಕುಂದಗೋಳ ಸ್ಟೇಷನ್

ಉತ್ತರ ನಿಮ್ಮ ಮೈಸೂರಿನಲ್ಲೇ ಇದೆ ಸರ್. ಮೈಸೂರು ದರ್ಬಾರಿಗೆ ಹೋಗಿ ಬರುವ ಉಸ್ತಾದರು ಹುಬ್ಬಳ್ಳಿ, ಧಾರವಾಡದಲ್ಲಿ ಇಳಿಯುತ್ತಿದ್ದರು. ಈ ಭಾಗ ಮುಂಬೈ ಪ್ರಾಂತ್ಯಕ್ಕೆ ಸೇರಿತ್ತು. ಪುಣೆ, ಮಿರಜದ ನಾಟಕ ಕಂಪನಿಗಳು ಬರುತ್ತಿದ್ದವು, ಅವುಗಳ ಜೊತೆ ರಾಗಗಳೂ ಬಂದವು. ಕುಂದಗೋಳದ ನಾಡಗೇರ ವಾಡೆಗೆ ಅಬ್ದುಲ್ ಕರೀಂ ಖಾನರು ಬಂದು ಹಾಡಿದ್ದಾರೆ. ಅಲ್ಲೇ ಈಗಲೂ ಸವಾಯಿ ಗಂಧರ್ವರ ಹೆಸರಲ್ಲಿ ಉತ್ಸವ ಆಗುತ್ತದೆ. ಊರ ಜನ ಹೊಲದ ಕೆಲಸ ಮುಗಿಸಿ, ಹೊದಿಕೆ ಹೊದ್ದು ಬಂದು ರಾತ್ರಿ ಕೂತು ಕೇಳುತ್ತಾರೆ. ಅವರಲ್ಲಿ ಎಷ್ಟು ಜನ ಶಾಸ್ತ್ರ ಓದಿದ್ದಾರೆ ಅಂತ ಯಾರೂ ಕೇಳೋದಿಲ್ಲ.

ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ನಮ್ಮೂರಲ್ಲಿ ಕಲಿತರು. ಅವರ ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದರು. ಮಗಳ ಹಿಂದೂಸ್ತಾನಿಗೆ ತೊಡಕಾಗಬಾರದು ಅಂತ ತಮ್ಮ ಹಾಡನ್ನೇ ನಿಲ್ಲಿಸಿಬಿಟ್ಟರು. ಗಂಗೂಬಾಯಿ ಇನ್ನೂ ಇಪ್ಪತ್ತು ದಾಟದೆ ಇರುವಾಗ, 1932ರಲ್ಲಿ ಆ ತಾಯಿ ಹೋದರು. ನನಗೆ ಆ ಗಟ್ಟಿ ದನಿ ಕೇಳಿದಾಗಲೆಲ್ಲ ಹಾಡದೆ ಕೂತ ಆ ತಾಯಿಯ ನೆನಪಾಗುತ್ತದೆ.

ಹಾವೇರಿ ಏಲಕ್ಕಿ

ಕೇಳೋ ಹೊತ್ತಿನ ಬಗ್ಗೆ ಯಾರೂ ಬರೆಯಲಿಲ್ಲ. ನಮ್ಮ ಕಡೆ ಪಂಪ್‌ಸೆಟ್ಟಿಗೆ ಕರೆಂಟು ರಾತ್ರಿ ಕೊಡುತ್ತಾರೆ. ನೀರು ಹಾಯಿಸಲು ಹೊಲಕ್ಕೆ ಹೋಗಿ ಒಬ್ಬನೇ ನಿಲ್ಲಬೇಕು. ಜೇಬಿನಲ್ಲಿ ಫೋನ್ ಹಾಡುತ್ತಿರುತ್ತದೆ. ಒಂದು ರಾತ್ರಿ ಮಾಲಕಂಸ ಬಂತು, ರಾತ್ರಿ ಹೊತ್ತಿನ ರಾಗ ಅದು. ಅದೇ ಮಾಲಕಂಸ ಮಧ್ಯಾಹ್ನ ಟ್ರ್ಯಾಕ್ಟರ್ ಮೇಲೆ ಕೇಳಿದ್ದೆ, ಏನೂ ಆಗಿರಲಿಲ್ಲ. ಆ ರಾತ್ರಿ ಮಡಿ ತುಂಬಿ ನೀರು ಪಕ್ಕದವರ ಹೊಲಕ್ಕೆ ಹರಿಯುತ್ತಿದ್ದರೂ ನನಗೆ ಗೊತ್ತಾಗಲಿಲ್ಲ. ದೇವರು ಇದ್ದಾನೆ ಅಂತ ಗುಡಿಯಲ್ಲಿ ಅಷ್ಟು ಗಟ್ಟಿಯಾಗಿ ಅನಿಸಿಲ್ಲ ನನಗೆ, ಆ ಕೆಸರಲ್ಲಿ ಅನಿಸಿತು.

ಮೈಸೂರಿಂದ ಬಂದವ

ಹೊತ್ತು ಅನ್ನೋದು ರೂಢಿ ಅಲ್ವಾ? ನಮ್ಮಲ್ಲಿ ಅಷ್ಟು ಕಟ್ಟುನಿಟ್ಟು ಇಲ್ಲ.

ಹಾವೇರಿ ಏಲಕ್ಕಿ

ರೂಢಿಯೇ ಇರಬಹುದು ಸರ್. ಒಂದು ಸಲ ರಾತ್ರಿ ಎರಡು ಗಂಟೆಗೆ ಹೊಲದಲ್ಲಿ ಕೇಳಿ ಹೇಳಿ.

ತಂಬೂರಿ ತಂತಿ

ಇನ್ನೊಂದು ಹೇಳಬೇಕು. ಹಾಡು ಬೇಡ, ತಂಬೂರಿ ಒಂದನ್ನೇ ಕೇಳಿ. ನಾಲ್ಕು ತಂತಿ. ಎಲ್ಲಿಯೂ ಗಂಧಾರಕ್ಕೆ ಶ್ರುತಿ ಮಾಡಿರೋದಿಲ್ಲ. ಆದರೆ ಕುದುರೆ, ಅಂದರೆ ತಂತಿ ಹಾಯುವ ಪಟ್ಟಿ, ಅದರ ಮೇಲೆ ತಂತಿಯ ಕೆಳಗಿನ ದಾರವನ್ನು ಕೂದಲೆಳೆಯಷ್ಟು ಆಚೆ ಈಚೆ ಸರಿಸಿ ಜೀವಾರಿ, ಅಂದರೆ ತಂತಿಯ ಝೇಂಕಾರ, ಸರಿ ಕೂರಿಸಿದರೆ, ಖರ್ಜದ, ಅಂದರೆ ಕೆಳಗಿನ ಷಡ್ಜದ, ತಂತಿಯಿಂದ ಗಂಧಾರ ತಾನಾಗಿ ಎದ್ದು ಬರುತ್ತದೆ. ಸ್ವಯಂಭೂ ಗಂಧಾರ ಅಂತಾರೆ. ಯಾರೂ ಮೀಟದ ಸ್ವರ. ಮೊದಲ ಸಲ ನನ್ನ ಗುರುಗಳು "ಕೇಳಿತಾ?" ಅಂದಾಗ ಇಲ್ಲ ಅಂದೆ. ಮೂರು ದಿನ ಇಲ್ಲ ಅಂದೆ. ನಾಲ್ಕನೇ ದಿನ ಕೇಳಿತು. ಅವತ್ತು ಪಾಠ ಮಾಡಲಿಲ್ಲ, ಇಬ್ಬರೂ ಸುಮ್ನೆ ಕೂತಿದ್ದೆವು.

ಅದು ನಾನು ಕೇಳೋದಕ್ಕೆ ಮುಂಚೆಯೂ ಅಲ್ಲೇ ಇತ್ತು. ನಿಮ್ಮ ಪ್ರಶ್ನೆಗೆ ಇದೇ ನನ್ನ ಉತ್ತರ ಅಕ್ಕಾ. ದುಃಖ ನಿಮ್ಮೊಳಗೆ ಇತ್ತು, ನಿಜ. ಕೇಳುವ ಹಾಗೆ ಮಾಡಿದ್ದು ಮಾರವಾ.

ಕಿವಿ ಬೇಕು

ಇದಕ್ಕೆ ನನ್ನ ತಕರಾರು ಇಲ್ಲ. ಚೆನ್ನಾಗಿ ಹೇಳಿದಿರಿ.

ದರ್ಗಾ ಓಣಿ

ಅಬ್ದುಲ್ ಕರೀಂ ಖಾನಸಾಹೇಬರ ಹೆಸರು ಎರಡು ಸಲ ಬಂತು, ಅವರ ಕೊನೆಯ ರಾತ್ರಿ ಹೇಳಿಬಿಡುತ್ತೇನೆ. ನಮ್ಮ ಅಜ್ಜ ಹೇಳುತ್ತಿದ್ದರು. 1937. ಮದ್ರಾಸಿನಿಂದ ಪಾಂಡಿಚೇರಿಗೆ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಎದೆನೋವು ಬಂತು. ಸಿಂಗಪೆರುಮಾಳ್ ಕೋಯಿಲ್ ಅನ್ನೋ ಸಣ್ಣ ಸ್ಟೇಷನ್ನಿನಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಬಿಚ್ಚಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಕಲ್ಮಾ ಹಾಡಿದರು. ಹಾಡಿ ಮಲಗಿದರು, ಏಳಲಿಲ್ಲ. ಮಿರಜದ ದರ್ಗಾದ ಹತ್ತಿರ ಅವರ ಸಮಾಧಿ ಇದೆ.

ಅಜ್ಜ ಇದನ್ನು ಹೇಳುವಾಗ ಪ್ರತಿ ಸಲ "ಶ್ರುತಿ ಮಾಡಿಸಿ" ಅನ್ನೋ ಕಡೆ ನಿಲ್ಲಿಸುತ್ತಿದ್ದರು. ಅಷ್ಟು ನೋವಿನಲ್ಲೂ ಶ್ರುತಿ ಸರಿ ಇರಬೇಕಾಗಿತ್ತು ನೋಡು ಅನ್ನುತ್ತಿದ್ದರು.

ರಾತ್ರಿ ಪಾಳಿ

🙏

ವಿದ್ಯಾನಗರದ ಮಗಳು

ಇಷ್ಟೊಂದು ಜನ ಬರೀತೀರಿ ಅಂತ ಅಂದುಕೊಂಡಿರಲಿಲ್ಲ. ಇವತ್ತು ಬೆಳಿಗ್ಗೆ ಅವ್ವನ ರೇಡಿಯೋ ಕೆಳಗಿಳಿಸಿ ಧೂಳು ಒರೆಸಿ ಹಚ್ಚಿದೆ. ಮುಳ್ಳು ಧಾರವಾಡ ಸ್ಟೇಷನ್ನಿನ ಮೇಲೇ ಇತ್ತು. ಯಾವ ರಾಗ ಅಂತ ಗೊತ್ತಾಗಲಿಲ್ಲ. ಚಹಾ ಆರಿಹೋಗುವವರೆಗೆ ಅಡುಗೆಮನೆ ಬಾಗಿಲಲ್ಲೇ ನಿಂತಿದ್ದೆ. ಅವ್ವ ನಿಲ್ಲುತ್ತಿದ್ದ ಜಾಗ ಅದು.

ಕಲಿಯಬೇಕಾ ಬೇಡವಾ ಅಂತ ಆಮೇಲೆ ನೋಡುತ್ತೇನೆ. ಸದ್ಯಕ್ಕೆ ಮುಂದಿನ ಬೈಠಕ್ ಯಾವಾಗ ಅಂತ ಯಾರಾದರೂ ಹೇಳಿ. ಟವೆಲ್ ಒಗೆದು, ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಅವರು ಯಾರು ಅಂತ ನಿಮಗೆ ಗೊತ್ತಾ? ದಪ್ಪ ಕನ್ನಡಕ, ಬಿಳಿ ಟೋಪಿ, ಬಟ್ಟೆಯ ಚೀಲ.

ಲೈನ್ ಬಜಾರ್

ಅವರು ಯಾವಾಗಲೂ ಎಡಗಡೆ, ಗೋಡೆಯ ಹತ್ತಿರ ಕೂರುತ್ತಾರೆ. ಬೈಠಕ್ ಬರುವ ಭಾನುವಾರ ಸಂಜೆ. ಹುಬ್ಬಳ್ಳಿಯಿಂದ ಐದು ಗಂಟೆಗೆಲ್ಲ ಚಿಗರಿ ಬಸ್ ಹತ್ತಿ. ತಡವಾದರೆ ಜಮಖಾನೆಯಲ್ಲಿ ಜಾಗ ಸಿಗೋದಿಲ್ಲ.